ತಲೆಪೆಟ್ಟಿನ ಚಿಕಿತ್ಸೆ ಡಿಸ್ಚಾರ್ಜ್ ಆದ ದಿನಕ್ಕೇ ನಿಲ್ಲದಿರಲಿ

ಮಾನ್ಯ ಸಂಪಾದಕರೇ,

ಅಡಿಕೆ ಮರದಿಂದ ಬಿದ್ದವರ, ಘಾಟಿಯ ತಿರುವಿನಲ್ಲಿ ಬೈಕ್ ಜಾರಿ ತಲೆಗೆ ಪೆಟ್ಟು ಮಾಡಿಕೊಂಡವರ ಸುದ್ದಿ ಮಲೆನಾಡಿನಲ್ಲಿ ಹೊಸದೇನಲ್ಲ. ‘ಪ್ರಾಣಾಪಾಯದಿಂದ ಪಾರು’ ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. ಮನೆಯವರ ಕಷ್ಟ ಶುರುವಾಗುವುದು ಅಲ್ಲಿಂದಾಚೆಗೆ. ಹೊಲಿಗೆ ಬಿಚ್ಚಿಸಿಕೊಂಡು ತಾನೇ ನಡೆದು ಮನೆಗೆ ಬಂದ ಮನುಷ್ಯ ಹೇಳಿದ್ದನ್ನೇ ಹೇಳುತ್ತಾನೆ, ಸಣ್ಣ ಮಾತಿಗೂ ಸಿಡುಕುತ್ತಾನೆ, ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಸುಮ್ಮನೆ ಕೂರುತ್ತಾನೆ. ಇದು ಸೋಮಾರಿತನ ಎನ್ನುವವರಿದ್ದಾರೆ, ದೇವರ ಹತ್ತಿರ ಕೇಳಿಸಿ ಎನ್ನುವವರೂ ಇದ್ದಾರೆ. ಸ್ಕ್ಯಾನ್ ವರದಿ ಸರಿಯಾಗಿಯೇ ಇದೆಯಲ್ಲ ಎಂಬ ಮಾತಂತೂ ಇದ್ದೇ ಇರುತ್ತದೆ.

ತಲೆ ರಭಸದಿಂದ ಅಲುಗಿದಾಗ ಮೆದುಳಿನೊಳಗಿನ ಸೂಕ್ಷ್ಮ ನರತಂತುಗಳು ಎಳೆದಂತಾಗಿ ಹರಿಯುತ್ತವೆ, ಸಿ.ಟಿ. ಸ್ಕ್ಯಾನ್‌ನಲ್ಲಿ ಈ ಹಾನಿ ಅನೇಕ ಸಲ ಕಾಣುವುದೇ ಇಲ್ಲ. ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾದರೆ ಯೋಜನೆ, ತಾಳ್ಮೆ, ಕೆಲಸವನ್ನು ತಾನಾಗಿ ಆರಂಭಿಸುವ ಶಕ್ತಿ ಕುಂದುತ್ತವೆ. ಕಿವಿಯ ಪಕ್ಕದ ಭಾಗಕ್ಕಾದರೆ ಹೊಸ ನೆನಪುಗಳು ನಿಲ್ಲುವುದಿಲ್ಲ. ತನ್ನಲ್ಲಿ ಕೊರತೆಯಿದೆ ಎಂಬುದೇ ಕೆಲವರ ಅರಿವಿಗೆ ಬರುವುದಿಲ್ಲ. ಇದನ್ನು ಮನೆಯವರು ಹಟವೆಂದು ತಿಳಿಯುತ್ತಾರೆ, ಆದರೆ ಕೊರತೆಯನ್ನು ಗುರುತಿಸಬೇಕಾದ ಮೆದುಳಿನ ಭಾಗಕ್ಕೇ ಅಲ್ಲಿ ಏಟು ಬಿದ್ದಿರುತ್ತದೆ.

ನನ್ನ ಸೋದರಳಿಯ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವನು. ಅಪಘಾತದ ನಂತರವೂ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆಯ ದರ್ಜೆಗಳನ್ನು ಕಣ್ಣಳತೆಯಲ್ಲೇ ಬೇರೆ ಮಾಡಬಲ್ಲ. ಬೆಳಿಗ್ಗೆ ಮನೆಗೆ ಬಂದು ಹೋದವರು ಯಾರೆಂದು ಮಾತ್ರ ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ನೋಡಲು ಬಂದ ನೆಂಟರಿಷ್ಟರೆಲ್ಲ ‘ನಾನು ಯಾರು ಹೇಳು ನೋಡೋಣ’ ಎಂದು ಪರೀಕ್ಷೆ ಮಾಡುವವರೇ. ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ಇದರಿಂದ ಆಗುವುದು ಹಾನಿ: ನೆನಪಿನ ಶಕ್ತಿ ತೀರಾ ಕುಂದಿದವರು ಊಹಿಸಿ ತಪ್ಪು ಹೇಳಿದರೆ ಆ ತಪ್ಪೇ ಮನಸ್ಸಿನಲ್ಲಿ ಕೂರುತ್ತದೆ. ಅಂಥವರಿಗೆ ಸರಿಯುತ್ತರವನ್ನು ಮೊದಲೇ ಹೇಳಿಕೊಡಬೇಕು, ದಿನಚರಿಯ ಪುಸ್ತಕ ಯಾವಾಗಲೂ ಒಂದೇ ಜಾಗದಲ್ಲಿರಬೇಕು, ಒಂದು ಹೊತ್ತಿಗೆ ಒಂದೇ ಕೆಲಸ ಕೊಡಬೇಕು ಎಂದು ನಮಗೆ ತಿಳಿಸಿದವರು ಮೆದುಳಿನ ಗಾಯದಿಂದ ನೆನಪು, ವರ್ತನೆಯಲ್ಲಾಗುವ ಬದಲಾವಣೆಗಳನ್ನು ನೋಡುವ ಬೆಂಗಳೂರಿನ ನರಮನೋವಿಜ್ಞಾನ ತಜ್ಞರೊಬ್ಬರು. ಎರಡನೇ ಮಹಾಯುದ್ಧದಲ್ಲಿ ತಲೆಗೆ ಗಾಯವಾದ ಸೈನಿಕರ ನಡುವೆ ಕೆಲಸ ಮಾಡಿದ ಸೋವಿಯತ್ ವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ, ಹೋದ ಸಾಮರ್ಥ್ಯವನ್ನು ಇದ್ದ ಹಾಗೆಯೇ ಮರಳಿ ತರಲಾಗದಿದ್ದರೂ ಉಳಿದಿರುವ ಸಾಮರ್ಥ್ಯಗಳನ್ನು ಬೇರೆ ರೀತಿಯಲ್ಲಿ ಜೋಡಿಸಿ ಅದೇ ಕೆಲಸ ಮಾಡಿಸಬಹುದೆಂಬ ತಿಳಿವಳಿಕೆಯ ಮೇಲೆ ಚಿಕಿತ್ಸೆಯನ್ನು ರೂಪಿಸಿದ್ದರು. ಲೆಕ್ಕ ಬರೆಯುತ್ತಿದ್ದವನಿಗೆ ನೆನಪಿನ ಚೀಟಿ ಹಿಡಿಯುವುದು ಮೊದಮೊದಲು ಅವಮಾನವೆನಿಸಿತ್ತು. ಅಡಿಕೆ ಆರಿಸುವ ಕಡೆ ಕೂರಿಸಿದ ಮೇಲೆ, ಅಕ್ಕಪಕ್ಕದವರು ಮಾಲು ತಂದು ಇವನ ಅಭಿಪ್ರಾಯ ಕೇಳತೊಡಗಿದ ಮೇಲೆ, ಆ ಪುಸ್ತಕವನ್ನು ತಾನಾಗಿಯೇ ತೆರೆಯುತ್ತಿದ್ದಾನೆ. ಮೊಬೈಲಿನ ನೆನಪಿನ ಆಟಗಳಿಂದ ಇಷ್ಟಾಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ‘ನಾನು ಮೊದಲಿನವನಲ್ಲ’ ಎಂದು ಕುಗ್ಗಿದವನಿಗೆ, ಈಗಲೂ ತನ್ನಿಂದ ಆಗುವ, ನಾಲ್ಕು ಜನಕ್ಕೆ ಬೇಕಾದ ಕೆಲಸವೊಂದು ಸಿಗಬೇಕು.

ಆದರೆ ಈ ಮಾರ್ಗದರ್ಶನಕ್ಕಾಗಿ ಶಿವಮೊಗ್ಗದಿಂದಲೇ ಸುಮಾರು 300 ಕಿಲೋಮೀಟರ್ ಹೋಗಬೇಕು. ಗಾಯಗೊಂಡ ಮೆದುಳು ಬೇಗ ದಣಿಯುತ್ತದೆ. ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ಸರದಿಯಲ್ಲಿ ನಿಂತವನನ್ನು ಪರೀಕ್ಷಿಸಿದರೆ ಅವನ ನಿಜವಾದ ಸಾಮರ್ಥ್ಯ ತಿಳಿಯುವುದಾದರೂ ಹೇಗೆ? ರಸ್ತೆ ಅಪಘಾತದ ಗಾಯಾಳುಗಳಿಗಾಗಿ ಕೇಂದ್ರ ಸರ್ಕಾರ 2025ರಲ್ಲಿ ತಂದ ನಗದುರಹಿತ ಚಿಕಿತ್ಸಾ ಯೋಜನೆ ಸ್ವಾಗತಾರ್ಹವೇ; ಆದರೆ ಅದು ಅಪಘಾತವಾದಂದಿನಿಂದ ಗರಿಷ್ಠ 7 ದಿನ, 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಮಾತ್ರ. ಮೆದುಳಿನ ಚೇತರಿಕೆ ಮೊದಲ ತಿಂಗಳುಗಳಲ್ಲಿ ವೇಗವಾಗಿದ್ದು, ನಂತರ ನಿಧಾನವಾಗಿ ವರ್ಷಗಟ್ಟಲೆ ಸಾಗುತ್ತದೆ. ಮರದಿಂದ ಬಿದ್ದವರಿಗಂತೂ ಆ ಯೋಜನೆಯೇ ಅನ್ವಯಿಸದು.

ರಾಜ್ಯ ಸರ್ಕಾರ ನಿಮ್ಹಾನ್ಸ್ ಸಹಯೋಗದಲ್ಲಿ ಆರಂಭಿಸಿರುವ ಮೆದುಳು ಆರೋಗ್ಯ ಕಾರ್ಯಕ್ರಮದಡಿ, ತಲೆಪೆಟ್ಟಿನ ನಂತರದ ನೆನಪು ಮತ್ತು ವರ್ತನೆಯ ಪುನಶ್ಚೇತನಕ್ಕೆ ಜಿಲ್ಲಾ ಮಟ್ಟದಲ್ಲೇ ನಿಗದಿತ ದಿನವೊಂದನ್ನು ಮೀಸಲಿಡಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರದಂಥ ತಾಲ್ಲೂಕು ಆಸ್ಪತ್ರೆಗಳಿಂದ ವಿಡಿಯೊ ಮೂಲಕ ತಜ್ಞರ ಸಲಹೆ ದೊರೆಯುವಂತಾಗಬೇಕು, ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಡಿಸ್ಚಾರ್ಜ್ ಚೀಟಿಯ ಜೊತೆ ಕನ್ನಡದಲ್ಲಿ ಬರೆದುಕೊಡಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ತಲೆಪೆಟ್ಟಿಗೆ ಪ್ರತ್ಯೇಕ ಹೆಸರಿಲ್ಲದಿರುವುದರಿಂದ, ಪ್ರಮಾಣಪತ್ರ ನೀಡುವ ವೈದ್ಯರು ಕೈಕಾಲುಗಳ ಬಲವನ್ನಷ್ಟೇ ಅಳೆಯದೆ ನೆನಪು, ಗಮನ ಮತ್ತು ತೀರ್ಮಾನಶಕ್ತಿಯನ್ನೂ ಪರೀಕ್ಷೆಗೆ ಒಳಪಡಿಸುವಂತೆ ಆರೋಗ್ಯ ಇಲಾಖೆ ಸ್ಪಷ್ಟ ಸೂಚನೆ ಹೊರಡಿಸಬೇಕೆಂದು ಕೋರುತ್ತೇನೆ.

— ಓದುಗ, ತೀರ್ಥಹಳ್ಳಿ ತಾಲ್ಲೂಕು