ಪುಟ್ಟನ ಸಿಡುಕಿನ ಬಗ್ಗೆ ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಪುಟ್ಟನ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಅಂದರೆ ಎಲ್ಲರೂ ಓದು, ಗಮನದ ಮಾತೇ ಆಡುತ್ತಾರೆ. ಸಿಡುಕಿಗೆ ಮಾತ್ರ "ಮುದ್ದು ಹೆಚ್ಚಾಯಿತು" ಅಂದುಬಿಡುತ್ತಾರೆ. ನಂಬಬೇಡ. ಗಮನ ಹಿಡಿದಿಡಲು ಒದ್ದಾಡುವ ಮಿದುಳಿಗೆ ಸಿಟ್ಟು ತಡೆಯುವುದೂ ಕಷ್ಟವೇ.

ಎರಡು ವಾರ ಒಂದು ನೋಟ್‌ಬುಕ್ ಇಡು. ಪ್ರತಿ ರಂಪಕ್ಕೂ ಒಂದು ಸಾಲು ಸಾಕು: ಎಷ್ಟು ಗಂಟೆಗೆ, ಅದಕ್ಕೆ ಮುಂಚೆ ಏನಾಯಿತು, ಎಷ್ಟು ಹೊತ್ತು ನಡೆಯಿತು, ರಾತ್ರಿ ಎಷ್ಟು ನಿದ್ದೆ, ಮಾತ್ರೆ ಯಾವಾಗ, ಊಟ ಯಾವಾಗ. ಹೆಚ್ಚು ತಿಳಿಸುವುದು ಗಂಟೆಯೇ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್‌ನ ಸಾದಾ ಮಾತ್ರೆ ಸುಮಾರು 4 ಗಂಟೆ ಕೆಲಸ ಮಾಡುತ್ತದೆ. ಇಳಿಯುವ ಹೊತ್ತಿಗೆ ಕೆಲವು ಮಕ್ಕಳು ಸಿಡಿಯುತ್ತಾರೆ. ಮಾತ್ರೆ ಹಸಿವನ್ನೂ ಅಡಗಿಸುವುದರಿಂದ ಊಟದ ಡಬ್ಬಿ ತುಂಬಿದ್ದಂತೆಯೇ ವಾಪಸ್ ಬರುತ್ತದೆ. ಹಾಗಾಗಿ ಶಾಲೆಯಿಂದ ಬಂದವನಿಗೆ ಮೊದಲು ತಿನ್ನಲು ಕೊಡು, ಹೋಂವರ್ಕ್ ಮಾತು ಆಮೇಲೆ. ಮಾತ್ರೆ ಕೊಟ್ಟ ಒಂದೆರಡು ಗಂಟೆಯಲ್ಲೇ ಅಳು, ಮಂಕುತನ ಕಂಡರೆ ಡೋಸ್ ಹೆಚ್ಚಾಗಿರಬಹುದು, ಇಲ್ಲವೇ ಮಾತ್ರೆ ಒಗ್ಗದಿರಬಹುದು. ನೀನೇ ಬದಲಾಯಿಸಬೇಡ, ಡಾಕ್ಟರಿಗೆ ಹೇಳು. ಸರಿಯಾದ ಡೋಸ್ ಸಿಕ್ಕಾಗ ಎಷ್ಟೋ ಮಕ್ಕಳ ಸಿಡುಕೂ ಇಳಿಯುತ್ತದೆ.

ರಂಪಗಳ ನಡುವೆ ಹೇಗಿರುತ್ತಾನೆ ಅನ್ನುವುದನ್ನೂ ಬರೆ. ದಿನದ ಬಹುಪಾಲು ಮುಖ ಗಂಟಿಕ್ಕಿಕೊಂಡೇ ಇದ್ದು, ವಾರಕ್ಕೆ ಮೂರು ಅಥವಾ ಹೆಚ್ಚು ಬಾರಿ ಸ್ಫೋಟವಾಗುತ್ತಾ, ಮನೆ, ಶಾಲೆ ಎರಡೂ ಕಡೆ 12 ತಿಂಗಳು ಮುಂದುವರಿದರೆ ಡಾಕ್ಟರು ಡಿಎಂಡಿಡಿ, ಅಂದರೆ ಬಿಡದೆ ಕಾಡುವ ಸಿಡುಕಿನ ಕಾಯಿಲೆಯ ಬಗ್ಗೆ ಯೋಚಿಸುತ್ತಾರೆ. ಅಮೆರಿಕದ ಮನೋವೈದ್ಯರ ಡಿಎಸ್ಎಂ-5 ಕೈಪಿಡಿ 2013ರಲ್ಲಿ ಸೇರಿಸಿದ ಹೆಸರದು. ಬೈಪೋಲಾರ್ ಅಂತ ಹೆದರಬೇಡ. ಅದು ಅತಿ ಉತ್ಸಾಹ, ಖಿನ್ನತೆ ಬಂದು ಹೋಗುವ ಅವಧಿಗಳ ಕಾಯಿಲೆ, ಇದು ಬಿಡದೆ ಇರುವಂಥದ್ದು. ಇಂಥ ಮಕ್ಕಳಲ್ಲಿ ಮುಂದೆ ಹೆಚ್ಚಾಗಿ ಕಾಣುವುದು ಖಿನ್ನತೆ, ಆತಂಕ. ಆದ್ದರಿಂದ ಸಿಟ್ಟಿನ ಹಿಂದೆ ದುಃಖವಿದೆಯೇ ಅಂತ ಈಗಿನಿಂದಲೇ ವಿಚಾರಿಸುತ್ತಿರು.

ಕೂಗಾಡುವಾಗ ಬುದ್ಧಿವಾದ ಕಿವಿಗೆ ಹೋಗುವುದಿಲ್ಲ. ಪೆಟ್ಟಾಗುವ ವಸ್ತು ಸರಿಸಿ, ಮೆಲ್ಲನೆಯ ದನಿಯಲ್ಲಿ ಒಂದೇ ವಾಕ್ಯ ಹೇಳಿ ಸುಮ್ಮನಿರು. ಮೊಬೈಲ್ ಕಸಿಯುವ ಬದಲು 10 ನಿಮಿಷ, ಮತ್ತೆ 5 ನಿಮಿಷ ಮುಂಚೆ ಎಚ್ಚರಿಸು. ಕೂಗಿದ್ದಕ್ಕೆ ವಾಪಸ್ ಕೊಟ್ಟರೆ ಕೂಗಿದರೆ ಸಿಗುತ್ತದೆ ಅಂತ ಕಲಿಯುತ್ತಾನೆ. ಇದನ್ನು ಅಜ್ಜ ಅಜ್ಜಿಯರೂ ಪಾಲಿಸಬೇಕು, ನಾವೂ ಪಾಲಿಸುತ್ತೇವೆ.

"ನಾನು ಸಾಯಬೇಕು" ಅಂದರೆ ಹಟ ಅಂದುಕೊಳ್ಳಬೇಡ. ತಕ್ಷಣ ಡಾಕ್ಟರಿಗೆ ಫೋನ್ ಮಾಡು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ರಲ್ಲಿ ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು.

ಮುಂದಿನ ಭೇಟಿಗೆ ನೋಟ್‌ಬುಕ್ ಜೊತೆ ಕ್ಲಾಸ್ ಟೀಚರ್ ಬರೆದುಕೊಟ್ಟ ನಾಲ್ಕು ಸಾಲನ್ನೂ ತೆಗೆದುಕೊಂಡು ಹೋಗು.

ಇಂತಿ,
ಅಮ್ಮ