ಸೆಕ್ಷನ್ 65ಎ ಚೌಕಾಸಿಯ ಸರಕಲ್ಲ: ಕೇಂದ್ರ ವಾಣಿಜ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕೃತಿಸ್ವಾಮ್ಯ ಕಾಯ್ದೆ ನಿಮ್ಮ ಸಚಿವಾಲಯದ ಉಸ್ತುವಾರಿಗೆ ಬಂದದ್ದು 2016ರಲ್ಲಿ. ಅಮೆರಿಕದ ಜೊತೆ ವ್ಯಾಪಾರದ ಮಾತುಕತೆ ನಡೆಸುವುದೂ ಅದೇ ಸಚಿವಾಲಯ. ಸುಂಕ ಇಳಿಸಿಕೊಳ್ಳುವ ಭರದಲ್ಲಿ ಕಾಯ್ದೆಯ ಒಂದೆರಡು ಪದ ಬಿಟ್ಟುಕೊಟ್ಟರೆ ಏನು ಮಹಾ ಎಂಬ ಲೆಕ್ಕಾಚಾರ ಹೊರಗಿನವರ ಕಿವಿಗೆ ಬೀಳದೆಯೇ ಮುಗಿದುಹೋಗಬಹುದು. ಆ ಒಂದೆರಡು ಪದಗಳ ಬಗ್ಗೆಯೇ ಈ ಪತ್ರ.

2012ರ ತಿದ್ದುಪಡಿಯಲ್ಲಿ ಸೇರಿದ ಸೆಕ್ಷನ್ 65ಎ ಪ್ರಕಾರ ಡಿಜಿಟಲ್ ಬೀಗ, ಅಂದರೆ ಕೃತಿಯನ್ನು ನಕಲು ಮಾಡದಂತೆ ಹಾಕಿದ ತಾಂತ್ರಿಕ ತಡೆ, ಮುರಿದವರಿಗೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಆದರೆ ಬೀಗ ಮುರಿದದ್ದು ಹಕ್ಕು ಉಲ್ಲಂಘಿಸುವ ಉದ್ದೇಶದಿಂದಲೇ ಆಗಿರಬೇಕು. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಕೆಲಸಕ್ಕಾಗಿ ಮುರಿದರೆ ಅಪರಾಧವಲ್ಲ ಎಂದು ಎರಡನೇ ಉಪಸೆಕ್ಷನ್ ಬಿಡಿಸಿ ಹೇಳುತ್ತದೆ. ಎನ್‌ಕ್ರಿಪ್ಷನ್ ಸಂಶೋಧನೆ, ಮಾಲೀಕರ ಒಪ್ಪಿಗೆ ಪಡೆದು ಮಾಡುವ ಕಂಪ್ಯೂಟರ್ ಭದ್ರತಾ ಪರೀಕ್ಷೆ ಇವೆಲ್ಲ ಅದರ ಆಶ್ರಯದಲ್ಲಿವೆ.

ಅಮೆರಿಕದ ಸಿನಿಮಾ, ಸಂಗೀತ, ಪ್ರಕಾಶನ, ವಿಡಿಯೊ ಗೇಮ್ ಉದ್ಯಮಗಳ ಒಕ್ಕೂಟ ಐಐಪಿಎಗೆ ಇದು ಹಿಡಿಸಿಲ್ಲ. ಅದು ಪ್ರತಿವರ್ಷ ಅಮೆರಿಕದ ವ್ಯಾಪಾರ ಪ್ರತಿನಿಧಿ ಕಚೇರಿಗೆ ತನ್ನ ದೂರುಪಟ್ಟಿ ಕೊಡುತ್ತದೆ. ಏಪ್ರಿಲ್ ಕೊನೆಯ ಹೊತ್ತಿಗೆ ಆ ಕಚೇರಿಯ 'ಸ್ಪೆಷಲ್ 301' ವರದಿ ಹೊರಬೀಳುತ್ತದೆ. ಬೌದ್ಧಿಕ ಆಸ್ತಿಯ ರಕ್ಷಣೆ ಸಾಲದು ಎಂದು ಅಮೆರಿಕ ಭಾವಿಸುವ ದೇಶಗಳನ್ನು ಅದು ಪಟ್ಟಿ ಮಾಡುತ್ತದೆ. 2025ರಲ್ಲೂ ಭಾರತ ಅದರ ಆದ್ಯತೆಯ ನಿಗಾ ಪಟ್ಟಿಯಲ್ಲೇ ಇತ್ತು. ಒಕ್ಕೂಟದ ಬೇಡಿಕೆಗಳು ಹೊಸವೇನಲ್ಲ: ಬೀಗದ ರಕ್ಷಣೆಯನ್ನು ವಿಸ್ತರಿಸಬೇಕು, ಬೀಗ ತೆಗೆಯುವ ಸಾಧನ ಮತ್ತು ಸೇವೆಗಳನ್ನೇ ನಿಷೇಧಿಸಬೇಕು, ವಿನಾಯಿತಿಗಳನ್ನು ಬಿಗಿಗೊಳಿಸಬೇಕು.

ಇದು ಜಾರಿಗೆ ಬಂದರೆ ಏನಾಗುತ್ತದೆ? ಒಂದು ಕನ್ನಡ ಪುಸ್ತಕವನ್ನೇ ನೋಡೋಣ.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಅಚ್ಚುಜೋಡಣೆಯಾದ ಅಸಂಖ್ಯ ಪುಸ್ತಕಗಳು ಪಿಡಿಎಫ್ ರೂಪದಲ್ಲಿವೆ. ಕಣ್ಣಿಗೆ ಕಾಣುವುದು ಕನ್ನಡ, ಕಡತದೊಳಗಿರುವುದು ರೋಮನ್ ಸಂಕೇತಗಳು. 'ಕನ್ನಡ' ಎಂಬ ಮೂರಕ್ಷರ ನುಡಿಯ ಹಳೆಯ ಫಾಂಟಿನಲ್ಲಿ ದೊಡ್ಡ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನಿನ ಎಸ್ಸೆಟ್, ಸಣ್ಣ ಕ್ಯೂ, ಇನ್ನೊಮ್ಮೆ ಎ. ಪರದೆಯ ಮೇಲಿನ ಪಠ್ಯವನ್ನು ಅಂಧ ಓದುಗರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಕನ್ನಡವೆಂದು ಗುರುತಿಸುವುದೇ ಇಲ್ಲ; ಕೇಳಿಸುವುದು ಬರೀ ಗೊಜಲು.

ಇದನ್ನು ಸರಿಪಡಿಸಬೇಕಾದರೆ ಮೊದಲು ಕಡತದಿಂದ ಪಠ್ಯವನ್ನು ಹೊರತೆಗೆಯಬೇಕು. ಆಮೇಲೆ ಪರಿವರ್ತಕಕ್ಕೆ ಹಾಕಿ, ಎಲ್ಲ ಸಾಧನಗಳೂ ಕನ್ನಡವೆಂದು ಗುರುತಿಸುವ ಯೂನಿಕೋಡ್ ಸಂಕೇತಕ್ಕೆ ತರಬೇಕು. ಅರ್ಕಾವತ್ತು, ಒತ್ತಕ್ಷರಗಳು ಜಾಗ ತಪ್ಪುವುದು ಇಲ್ಲಿಯೇ. ಹಳೆಯ ಫಾಂಟುಗಳಲ್ಲಿ ಅಕ್ಷರದ ಭಾಗಗಳು ಕಣ್ಣಿಗೆ ಕಾಣುವ ಅನುಕ್ರಮದಲ್ಲಿ ಕೂತಿರುತ್ತವೆ, ಯೂನಿಕೋಡಿನಲ್ಲಿ ಉಚ್ಚಾರಣೆಯ ಅನುಕ್ರಮದಲ್ಲಿ. ಹಾಗಾಗಿ ಕರಡು ತಿದ್ದಲೇಬೇಕು. ಕೊನೆಗೆ ಅಧ್ಯಾಯ, ಪುಟಸಂಖ್ಯೆಗಳನ್ನು ಗುರುತು ಮಾಡಿ ಇ-ಪುಸ್ತಕದ ಇಪಬ್ ಅಥವಾ ಅಂಧ ಓದುಗರಿಗೆಂದು ಇರುವ ಡೈಸಿ ರೂಪಕ್ಕೆ ತರಬೇಕು. ಕಡತಕ್ಕೆ ಬೀಗವಿದ್ದರೆ ಮೊದಲ ಹೆಜ್ಜೆಯೇ ಇಡಲಾಗದು. ಪರದೆಯ ಚಿತ್ರ ತೆಗೆದು ಒಸಿಆರ್ (ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರಾಂಶ) ಬಳಸಬಹುದಲ್ಲ ಎನ್ನುವವರು, ಒತ್ತಕ್ಷರ ತುಂಬಿದ ಒಂದು ಪುಟವನ್ನು ಒಸಿಆರ್‌ಗೆ ಕೊಟ್ಟು ಫಲಿತಾಂಶ ನೋಡಲಿ.

ಇಂದಿನ ಕಾನೂನಿನಲ್ಲಿ ಈ ಬೀಗ ತೆಗೆಯಬಹುದು. ಅಂಗವಿಕಲರಿಗೆ ಓದಲು ಬರುವ ರೂಪದಲ್ಲಿ ಕೃತಿಯನ್ನು ಒದಗಿಸಲು ಸೆಕ್ಷನ್ 52(1)(ಝಡ್‌ಬಿ) ಅನುಮತಿಸುತ್ತದೆ. ಅನುಮತಿಸಿದ ಕೆಲಸಕ್ಕೆ ಬೀಗ ತೆಗೆದರೆ 65ಎ ಅಡ್ಡ ಬರುವುದಿಲ್ಲ. ಐಐಪಿಎ ಕೇಳಿದಂತೆ ತಿದ್ದಿದರೆ ಸೆಕ್ಷನ್ 52 ಕಾಯ್ದೆಯಲ್ಲಿ ಹಾಗೇ ಇರುತ್ತದೆ, ಆದರೆ ಬೀಗ ತೆಗೆಯುವ ತಂತ್ರಾಂಶ ಬರೆದವರು ಅಪರಾಧಿಗಳಾಗುತ್ತಾರೆ. ಅಮೆರಿಕದಲ್ಲಿ ಆಗಿರುವುದು ಇದೇ. ಅಲ್ಲಿನ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆ ಡಿಎಂಸಿಎ ಅಡಿ ಇ-ಪುಸ್ತಕ ಓದುವ ಅಂಧರ ವಿನಾಯಿತಿಯೂ ಮೂರು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಸಿಕ್ಕರೂ ಸಾಧನ ಹಂಚುವ ನಿಷೇಧ ಸಡಿಲವಾಗುವುದಿಲ್ಲ.

ಕೆನಡಾ ಇದೇ ಒತ್ತಡಕ್ಕೆ ಮಣಿಯಿತು. ಅಲ್ಲಿನ ಕೈಗಾರಿಕಾ ಸಚಿವರ ಸಿಬ್ಬಂದಿಯೇ, ತಮ್ಮ ದೇಶವನ್ನು ನಿಗಾ ಪಟ್ಟಿಯಲ್ಲಿ ಮೇಲಕ್ಕೇರಿಸಿದರೆ ಕೃತಿಸ್ವಾಮ್ಯ ಮಸೂದೆಗೆ ಅನುಕೂಲವಾಗಬಹುದು ಎಂದು ಅಮೆರಿಕನ್ನರಿಗೆ ಸೂಚಿಸಿದ್ದು ವಿಕಿಲೀಕ್ಸ್ ಕಡತಗಳಲ್ಲಿ ಬಯಲಾಯಿತು. 2012ರ ಸಿ-11 ಕಾಯ್ದೆ, ಉದ್ದೇಶ ಕಾನೂನುಬದ್ಧವಾಗಿದ್ದರೂ ಬೀಗ ಮುರಿಯುವುದನ್ನು ನಿಷೇಧಿಸಿತು. ಯಂತ್ರಗಳ ದುರಸ್ತಿಗೂ ಸಾಧನಗಳ ಪರಸ್ಪರ ಹೊಂದಾಣಿಕೆಗೂ ದಾರಿ ಬಿಡಲು ಎರಡು ಪ್ರತ್ಯೇಕ ಕಾಯ್ದೆಗಳು ಬೇಕಾದವು. ಅವು ಬಂದದ್ದು 2024ರ ನವೆಂಬರಿನಲ್ಲಿ.

ಭಾರತದ ಕಾನೂನು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ (ವೈಪೋ) ಒಪ್ಪಂದಗಳಿಗೆ ಪೂರ್ತಿ ಹೊಂದುವುದಿಲ್ಲ ಎಂಬ ಆರೋಪಕ್ಕೂ ಉತ್ತರವಿದೆ. 2018ರಲ್ಲಿ ನಾವು ಸೇರಿದ ವೈಪೋ ಕೃತಿಸ್ವಾಮ್ಯ ಒಪ್ಪಂದದ 11ನೇ ವಿಧಿ ರಕ್ಷಣೆ ಕೇಳುವುದು ಲೇಖಕರ ಒಪ್ಪಿಗೆಯೂ ಕಾನೂನಿನ ಅನುಮತಿಯೂ ಇಲ್ಲದ ಕೆಲಸಗಳನ್ನು ತಡೆಯುವ ಬೀಗಗಳಿಗೆ. 65ಎ ಅಷ್ಟನ್ನು ಮಾಡಿದೆ. ಇನ್ನು ಅಂಧರಿಗೆ ಓದಲು ಬರುವ ಪುಸ್ತಕಗಳಿಗಾಗಿ ಇರುವ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದೇ. ಬೀಗದ ರಕ್ಷಣೆಯಿಂದಾಗಿ ಅಂಧ ಓದುಗರ ವಿನಾಯಿತಿ ತಪ್ಪಿಹೋಗಬಾರದು ಎನ್ನುತ್ತದೆ ಅದರ 7ನೇ ವಿಧಿ. ಅದನ್ನೇಕೆ ಮಾತುಕತೆಯ ಮೇಜಿನ ಮೇಲೆ ಇಡಬಾರದು?

ಪೈರಸಿಯಿಂದ ಕನ್ನಡ ಸಿನಿಮಾದವರಿಗೆ ಆಗುವ ನಷ್ಟ ನಿಜ. ಆದರೆ ಟಾಕೀಸಿನೊಳಗೆ ಕ್ಯಾಮೆರಾ ಹಿಡಿದು ಕದಿಯುವವನಿಗೆ ಯಾವ ಬೀಗವನ್ನೂ ಮುರಿಯುವ ಅಗತ್ಯವಿಲ್ಲ. ಅವನಿಗೆಂದೇ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಮೂರು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು ಇಟ್ಟಿದೆ. ಒಟಿಟಿಯ ಬೀಗ ಒಡೆದು ಟೆಲಿಗ್ರಾಮಿಗೆ ಹಾಕುವವನ ಉದ್ದೇಶ ಉಲ್ಲಂಘನೆಯೇ, ಅವನು ಇಂದಿನ 65ಎ ಅಡಿಯಲ್ಲೇ ಬರುತ್ತಾನೆ. ಕೊರತೆ ಇರುವುದು ಜಾರಿಯಲ್ಲಿ.

ಕೃತಿಸ್ವಾಮ್ಯದ ಅವಧಿಯ ಬೇಡಿಕೆಯೂ ಒಂದಿದೆ. ಲೇಖಕರ ಸಾವಿನ ನಂತರ 60 ವರ್ಷ ಇರುವುದನ್ನು 70 ಮಾಡಬೇಕಂತೆ. ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ ಕೇಳುವುದು 50. ನಾವು ಆಗಲೇ ಹತ್ತು ವರ್ಷ ಹೆಚ್ಚು ಕೊಟ್ಟಿದ್ದೇವೆ. 1975ರಲ್ಲಿ ತೀರಿಕೊಂಡ ಡಿ.ವಿ.ಜಿ.ಯವರ ಬರಹ 2036ರ ಜನವರಿ 1ಕ್ಕೆ ಎಲ್ಲರದಾಗಬೇಕು. ಅದು 2046ಕ್ಕೆ ಹೋದರೆ ಕನ್ನಡಕ್ಕೆ ಬರುವ ಲಾಭ ಏನು?

ನಾವು ಕೇಳುವುದಿಷ್ಟು. 65ಎಯಲ್ಲಿರುವ 'ಉಲ್ಲಂಘಿಸುವ ಉದ್ದೇಶದಿಂದ' ಎಂಬ ಮಾತನ್ನೂ ಎರಡನೇ ಉಪಸೆಕ್ಷನ್ನನ್ನೂ ಯಾವ ವ್ಯಾಪಾರ ಒಪ್ಪಂದದಲ್ಲೂ ಒತ್ತೆ ಇಡಬೇಡಿ. ಕೃತಿಸ್ವಾಮ್ಯದ ಬಗ್ಗೆ ಯಾವುದೇ ದೇಶಕ್ಕೆ ಕೊಡಲಿರುವ ಭರವಸೆಯ ಕರಡನ್ನು ಸಹಿಗೆ ಮುಂಚೆಯೇ ಸಂಸತ್ತಿನ ವಾಣಿಜ್ಯ ಸ್ಥಾಯಿ ಸಮಿತಿಯ ಮುಂದಿಡಿ. 65ಎಯಲ್ಲಿ ತಿದ್ದಲೇಬೇಕಾದದ್ದು ಇದೆ, ಅದು ಬೇರೆ. ಬೀಗ ತೆಗೆಯಲು ನೆರವಾದವರು ನೆರವು ಪಡೆದವರ ಹೆಸರು, ವಿಳಾಸ, ಉದ್ದೇಶಗಳ ಪೂರ್ತಿ ದಾಖಲೆ ಇಡಬೇಕೆಂಬ ಷರತ್ತಿನಿಂದ ಗ್ರಂಥಾಲಯಗಳನ್ನೂ ಅಂಗವಿಕಲರ ಸಂಸ್ಥೆಗಳನ್ನೂ ಬಿಡುಗಡೆ ಮಾಡಿ.

ಇಂತಿ,
ಕನ್ನಡ ಇ-ಪುಸ್ತಕ, ಗ್ರಂಥಾಲಯ ಮತ್ತು ತಂತ್ರಾಂಶ ಕ್ಷೇತ್ರಗಳಲ್ಲಿ ದುಡಿಯುವವರು