ನೀಲಿ ಮಬ್ಬೆಲ್ಲ ಪೊರೆಯಲ್ಲ

ಸಂಪಾದಕರಿಗೆ,

7–8 ವರ್ಷ ದಾಟಿದ ನಾಯಿಯ ಕಣ್ಣಲ್ಲಿ ನೀಲಿ-ಬೂದು ಮಬ್ಬು ಕಂಡೊಡನೆ ಪೊರೆ ಬಂತೆಂದು ಕಂಗಾಲಾಗುವವರೇ ಹೆಚ್ಚು. ಬಹುಪಾಲು ಅದು ನ್ಯೂಕ್ಲಿಯರ್ ಸ್ಕ್ಲೆರೋಸಿಸ್, ಅಂದರೆ ವಯಸ್ಸಾದಂತೆ ಕಣ್ಣಿನ ಮಸೂರದ ನಡುಭಾಗ ಗಟ್ಟಿಯಾಗುವುದು. ಮಸೂರದಲ್ಲಿ ಜೀವನಪೂರ್ತಿ ಹೊಸ ಎಳೆಗಳು ಬೆಳೆಯುತ್ತಲೇ ಇರುತ್ತವೆ. ಹಳೆಯವು ನಡುವೆ ಒತ್ತೊತ್ತಾಗಿ ಬೆಳಕನ್ನು ಚದುರಿಸುತ್ತವೆ. ಎರಡೂ ಕಣ್ಣಿಗೆ ಸಮನಾಗಿ, ನಿಧಾನವಾಗಿ ಬರುತ್ತದೆ. ದೃಷ್ಟಿಗೆ ಅಷ್ಟೇನೂ ತೊಂದರೆಯಿಲ್ಲ, ಚಿಕಿತ್ಸೆಯೂ ಬೇಕಿಲ್ಲ. ಮಬ್ಬು ಕರಗಿಸುತ್ತೇವೆನ್ನುವ ಹನಿಗಳಿಗೆ ಸುರಿಯುವ ದುಡ್ಡು ದಂಡ.

ಆದರೂ ಪಶುವೈದ್ಯರೇ ನೋಡಿ ಹೇಳಬೇಕು. ಪಾಪೆ ಹಿಗ್ಗಿಸುವ ಹನಿ ಹಾಕಿ ಬೆಳಕು ಬಿಟ್ಟರೆ ಕಣ್ಣಿನ ಹಿಂಬದಿಯ ಹೊಳಪು ಮಬ್ಬಿನ ಮೂಲಕವೂ ಕಾಣುತ್ತದೆ. ಪೊರೆಯಾದರೆ ಕಪ್ಪು ನೆರಳು ಅಡ್ಡ ನಿಲ್ಲುತ್ತದೆ. ಮಸೂರ ಬೇಗ ಬೆಳ್ಳಗಾಗಿ, ನಾಯಿ ವಿಪರೀತ ನೀರು ಕುಡಿಯುತ್ತಿದ್ದರೆ ಸಕ್ಕರೆ ಕಾಯಿಲೆಯಿಂದ ಬಂದ ಪೊರೆಯಿರಬಹುದು, ರಕ್ತದ ಸಕ್ಕರೆ ಪರೀಕ್ಷಿಸಿ. ಕಣ್ಣು ಕೆಂಪಾಗಿ, ನೋವಿನಿಂದ ಮುಚ್ಚಿಕೊಳ್ಳುತ್ತಿದ್ದರೆ ಅದೇ ದಿನ ತೋರಿಸಿ: ಕಣ್ಣೊಳಗಿನ ಒತ್ತಡ ಏರಿದ್ದರೆ ಒಂದೆರಡು ದಿನದಲ್ಲೇ ದೃಷ್ಟಿ ಹೋಗಬಹುದು.

– ಪಶುವೈದ್ಯ